ಬಾಗಿಲಿಗೊಂದೇ ತಲೆ

ಬುಧವಾರ,
ಬೆಳಗಿನ ಜಾವ ಮೂರೂ ಮುಕ್ಕಾಲು

ಅಕ್ಕಾ, ಮಲಗಿದ್ದರೆ ಏಳು. ಎದ್ದಿದ್ದರೆ ಇದನ್ನು ಅರ್ಧಕ್ಕೇ ಬಿಟ್ಟು ಮೊದಲು ನನಗೆ ಫೋನ್ ಮಾಡು,

ಎರಡು ಗಂಟೆ ನಲವತ್ತು ನಿಮಿಷ. ತೊಟ್ಟಿಲಿನ ಮರದ ಅಂಚಿನ ಮೇಲೆ ಇಟ್ಟಿದ್ದ ಫೋನು ಒಂದೇ ಒಂದು ಸಲ ಗುರ್ರೆಂದು ನಡುಗಿ ಸುಮ್ಮನಾಯಿತು. ಆ ಸದ್ದಿಗೆ ನನಗೆ ಎಚ್ಚರವಾಯಿತು. ಮಗುವಿಗೆ ಆಗಲಿಲ್ಲ, ಅದೊಂದು ಪುಣ್ಯ. ನೋಡಿದರೆ ನಿನ್ನ ಹೆಸರು. ಹತ್ತು ತಿಂಗಳಿನಿಂದ ಈ ಪರದೆಯ ಮೇಲೆ ಮೂಡದ ಹೆಸರು. ಕೂಡಲೇ ತಿರುಗಿ ಮಾಡಿದೆ. ರಿಂಗಾಯಿತು, ನಿಂತಿತು. ಮತ್ತೆ ಮಾಡಿದೆ. ಇಲ್ಲಿಯವರೆಗೆ ಹನ್ನೊಂದು ಸಲ. ಸ್ವಿಚ್ ಆಫ್ ಎಂದು ಬಂದಿದ್ದರೆ ನಿನ್ನನ್ನು ಬೈದುಕೊಂಡು ಮಲಗುತ್ತಿದ್ದೆ. ಹಾಗೆ ಬರುತ್ತಿಲ್ಲ. ಪ್ರತಿ ಸಲವೂ ಕೊನೆಯವರೆಗೆ ಹೊಡೆದುಕೊಂಡು ನಿಲ್ಲುತ್ತದೆ.

ನಿನ್ನ ಬಾಟಲಿ ಕಾರ್ಖಾನೆಗೂ ಮಾಡಿದೆ. ಗೇಟಿನವರು ಎತ್ತಿದರು. ಬಾಟಲಿಯ ಬಿರುಕು ನೋಡೋ ಮೇಡಮ್ಮಾ, ಅವರದ್ದು ಈ ವಾರ ಬೆಳಗಿನ ಪಾಳಿ, ಆರೂವರೆಗೆ ಬರ್ತಾರೆ, ಈಗ ಮಲಗಿರ್ತಾರೆ ಬಿಡಿ ಅಂದರು. ನಿಮ್ಮೂರಿನ ಪೊಲೀಸ್ ಠಾಣೆಯ ನಂಬರು ಹುಡುಕಿ ಅಲ್ಲಿಗೂ ಮಾಡಿದೆ. ವಯಸ್ಸೆಷ್ಟು ಅಂದರು, ಮೂವತ್ತೊಂಬತ್ತು ಅಂದೆ. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಅಂದರು, ಯಾರೂ ಇಲ್ಲ ಅಂದೆ. ಒಬ್ಬೊಬ್ಬರೇ ಇರೋರು ರಾತ್ರಿ ಫೋನ್ ಎತ್ತದೇ ಇರೋದು ಹೊಸದೇನಲ್ಲಮ್ಮ, ಬೆಳಕು ಹರೀಲಿ, ನೋಡೋಣ ಅಂದರು. ಬೆಳಕು ಹರಿಯುವುದರೊಳಗೆ ಏನೇನಾಗಬಹುದು ಎಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಹೋದ ವಾರವಷ್ಟೇ ಗೊತ್ತಾಯಿತು.

ನೀನು ಮೆಸೇಜು ತೆರೆಯುವವಳಲ್ಲ. ಆದರೆ ಐದು ಗಂಟೆಗೆ ಕಾರ್ಖಾನೆಯ ಪಾಳಿಯ ಪಟ್ಟಿ ಮೇಲ್‌ನಲ್ಲಿ ಬರುತ್ತದೆ, ಕಣ್ಣು ಬಿಟ್ಟ ಕೂಡಲೇ ಅದನ್ನು ನೋಡುತ್ತೀಯ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಕೈತಪ್ಪಿ ಒತ್ತಿಹೋಗಿತ್ತು ಕಣೇ, ಫೋನು ದಿಂಬಿನ ಕೆಳಗಿತ್ತು, ಅನುಮಾನ ಅನ್ನೋದು ನಿನಗೆ ಹಾಲಿನ ಹಲ್ಲಿನ ಜೊತೆಗೇ ಬಂದಿದ್ದು ಎಂದು ನೀನು ನಗಬಹುದು. ನಗು. ನಗುವುದಕ್ಕಾದರೂ ಫೋನ್ ಮಾಡು. ಅಲ್ಲಿಯವರೆಗೆ ನಾನು ಕೂತು ಬರೆಯುತ್ತೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ನಾವು ಈಗಿರುವ ಕಟ್ಟಡ ನೀನು ನೋಡಿಲ್ಲ. ಹಿಂದೆ ನರ್ಸುಗಳ ತರಬೇತಿ ಹಾಸ್ಟೆಲ್ ಆಗಿತ್ತಂತೆ. ಉದ್ದದ ಪಡಸಾಲೆ, ಎರಡೂ ಕಡೆ ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೂವರೆ ಕೋಣೆ. ಮೂರನೆಯ ಮಹಡಿಯಲ್ಲಿ ಆರು ಮನೆ. ಒಂದರಲ್ಲಿ ನಾವು ಮೂವರು. ಉಳಿದ ಐದರಲ್ಲಿ ಐದು ಜನ. ಜನಗಣತಿಗೆ ಬಂದವನು ಪಟ್ಟಿ ತುಂಬಿಸುತ್ತಾ, ಈ ಮಹಡಿ ಬೇಗ ಮುಗೀತಮ್ಮ, ಬಾಗಿಲಿಗೊಂದೇ ತಲೆ ಅಂದ. ತೊಟ್ಟಿಲ ಕಡೆ ನೋಡಿ, ನಿಮ್ಮನೇಲಿ ಮಾತ್ರ ಬಾಯಿ ಜಾಸ್ತಿ ಅಂದ. ಹೋಗುವಾಗ ನಾನು ಕೇಳದೆಯೇ, ನಮ್ಮನೇಲೂ ಅಷ್ಟೇ ಬಿಡಿ, ನಾನೇ ಬಾಗಿಲು, ನಾನೇ ತಲೆ ಎಂದು ಹೇಳಿ ಹೋದ.

ಅಂಕಿಅಂಶ ಓದಿದವಳು ನಾನು, ಇದರಲ್ಲಿ ಬೆರಗೇನಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ನಮ್ಮ ಕಾಲೇಜಿನ ಗುಂಪಿನಲ್ಲಿ ಮೂವತ್ನಾಲ್ಕು ಹುಡುಗಿಯರಲ್ಲಿ ಹನ್ನೊಂದು ಜನ ಮದುವೆಯಾಗಿಲ್ಲ, ಇಬ್ಬರು ಆಗಿ ಬಿಟ್ಟುಬಂದಿದ್ದಾರೆ. ಆದರೆ ನನ್ನ ತಲೆಗೆ ಅದು ಯಾವತ್ತೂ ಹದಿಮೂರು ಎಂಬ ಸಂಖ್ಯೆಯಾಗಿ ಕಾಣಲಿಲ್ಲ, ಹದಿಮೂರು ಗುಟ್ಟುಗಳಾಗಿ ಕಂಡಿತು. ಒಬ್ಬೊಬ್ಬಳ ಹಿಂದೆಯೂ ಏನೋ ಇದೆ, ಹೇಳುತ್ತಿಲ್ಲ. ನಿನ್ನನ್ನೂ ನಾನು ಹಾಗೆಯೇ ನೋಡಿದವಳು. ಯಾಕೆ ಮದುವೆ ಬೇಡ ಎಂದು ಕೇಳಿದಾಗಲೆಲ್ಲ, ಬೇಡ ಅನ್ನಿಸ್ತು ಅಷ್ಟೇ ಅನ್ನುತ್ತಿದ್ದೆ ನೀನು. ಆ ಅಷ್ಟೇ ಎಂಬುದರ ಕೆಳಗೆ ಏನಿದೆ ಎಂದು ವರ್ಷಗಟ್ಟಲೆ ಕೆದಕಿದೆ. ಒಂದು ಸಲ ನಿನ್ನ ಸೂಟ್‌ಕೇಸನ್ನೂ ಕೆದಕಿದ್ದೇನೆ. ಒಂದು ಟಾರ್ಚು, ಎರಡು ಸ್ವೆಟರು, ನಾನು ಏಳನೇ ಕ್ಲಾಸಿನಲ್ಲಿ ಬರೆದ ಪ್ರಬಂಧ ಸಿಕ್ಕಿದವು. ಆಗಲೂ ನಂಬಲಿಲ್ಲ. ಒಳ್ಳೇ ಜಾಗದಲ್ಲಿ ಬಚ್ಚಿಟ್ಟಿದ್ದಾಳೆ ಎಂದುಕೊಂಡೆ.

ನಮ್ಮ ಪಕ್ಕದ ಮನೆಯಲ್ಲಿರುವಾಕೆ ಹಲ್ಲು ಮಾಡುವವಳು. ಡಾಕ್ಟರಲ್ಲ, ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಈಕೆ ಪ್ರಯೋಗಾಲಯದಲ್ಲಿ ಕೂತು ಕಟ್ಟು ಹಲ್ಲು ತಯಾರಿಸುತ್ತಾಳೆ. ನಲವತ್ತಾರು ವರ್ಷ, ಮದುವೆಯಾಗಿಲ್ಲ. ಹಲ್ಲಿನಕ್ಕ ಎಂದು ನಾನೇ ಹೆಸರಿಟ್ಟೆ. ತೋಳಿನ ಅಂಚಿನಲ್ಲಿ ಯಾವಾಗಲೂ ಬಿಳಿ ಹಿಟ್ಟಿನ ಗೆರೆ. ನಮ್ಮ ಮಗುವಿನ ಬೊಚ್ಚು ಬಾಯಿ ನೋಡಿ, ಈ ಗಿರಾಕಿಗೆ ನಾನು ಅರವತ್ತು ವರ್ಷ ಕಾಯ್ಬೇಕಲ್ಲಪ್ಪ ಅನ್ನುತ್ತಿದ್ದಳು. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ನಾಲ್ಕು ತಿಂಗಳಿನಿಂದ ನಾನು ಹೇಳಿದ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ.

ಅಕ್ಕಾ, ನಿದ್ದೆ ಇಲ್ಲದವಳ ಕಣ್ಣಿಗೆ ಏನೇನು ಕಾಣುತ್ತದೆ ಎಂದು ನಿನಗೆ ಗೊತ್ತಿಲ್ಲ. ಮಗು ಎರಡು ಗಂಟೆಗೊಮ್ಮೆ ಏಳುತ್ತದೆ. ಹಾಲು ಕುಡಿಸಿದ ಹೊತ್ತು ಬರೆದಿಡಿ ಎಂದು ಆಸ್ಪತ್ರೆಯವರು ಒಂದು ಪುಸ್ತಕ ಕೊಟ್ಟಿದ್ದರು. ತೇಗು ತರಿಸಲು ಎತ್ತಿಕೊಂಡು ಬಾಗಿಲ ಹತ್ತಿರ ಓಡಾಡುತ್ತಾ, ಬಾಗಿಲ ಕಣ್ಣುತೂತಿನಲ್ಲಿ ಪಡಸಾಲೆ ನೋಡುವುದು ಅಭ್ಯಾಸವಾಯಿತು. ಹಾಗೆ ನೋಡುವಾಗ ಕಂಡದ್ದು ಕ್ಲಿಪ್ಪು. ಬಟ್ಟೆ ಒಣಹಾಕುವಾಗ ಸಿಕ್ಕಿಸುತ್ತೇವಲ್ಲ, ಮರದ್ದು, ಅದೇ. ರಾತ್ರಿ ಹತ್ತರ ಹೊತ್ತಿಗೆ ಐದು ಬಾಗಿಲುಗಳ ಹಿಡಿಗೂ ಒಂದೊಂದು ಕ್ಲಿಪ್ಪು ಬೀಳುತ್ತಿತ್ತು. ಬೆಳಿಗ್ಗೆ ಎಂಟರೊಳಗೆ ಒಂದೂ ಇರುತ್ತಿರಲಿಲ್ಲ. ಒಬ್ಬರಿಗೂ ಅದರ ಬಗ್ಗೆ ಮಾತಿಲ್ಲ. ನಮ್ಮ ಬಾಗಿಲಿಗೆ ಮಾತ್ರ ಇಲ್ಲ.

ಏನಿದು? ಕಳ್ಳರ ಗುರುತೇ? ಐವರೂ ಸೇರಿ ಏನಾದರೂ ಕಟ್ಟಿಕೊಂಡಿದ್ದಾರೆಯೇ? ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಕ್ಲಿಪ್ಪು ಇದ್ದರೆ ಬಾ, ಇಲ್ಲದಿದ್ದರೆ ಬೇಡ ಎಂಬ ಸಂಕೇತ ಇರಬಹುದು ಎಂದು ನನ್ನ ತಲೆ ಓಡಿತು. ಮನೆ ಮಕ್ಕಳು ಇಲ್ಲದವರಿಗೆ ರಾತ್ರಿ ಇನ್ನೇನು ಕೆಲಸ! ಹಾಲಿನ ಪುಸ್ತಕದಲ್ಲಿ, ಮಗು ಕುಡಿದ ಹೊತ್ತಿನ ಪಕ್ಕದಲ್ಲೇ ಗೆರೆ ಎಳೆದು, ಯಾರ ಕ್ಲಿಪ್ಪು ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆಯತೊಡಗಿದೆ. ಇಪ್ಪತ್ತು ರಾತ್ರಿ ಬರೆದಿದ್ದೇನೆ. ಕಲಿತ ವಿದ್ಯೆ ಹೀಗೆ ಉಪಯೋಗಕ್ಕೆ ಬಂತು.

ಹದಿನೇಳನೆಯ ರಾತ್ರಿ ಭಾನುವಾರ. ನಮ್ಮವರು ಹನ್ನೊಂದಕ್ಕೆ ಬಂದರು. ಕಣ್ಣುತೂತಿನಲ್ಲಿ ನೋಡುತ್ತಲೇ ಇದ್ದೆ. ಲಿಫ್ಟಿನಿಂದ ಇಳಿದವರು ನೇರ ನಮ್ಮ ಬಾಗಿಲಿಗೆ ಬರಲಿಲ್ಲ. ಹಲ್ಲಿನಕ್ಕನ ಬಾಗಿಲ ಮುಂದೆ ನಿಂತರು, ಬಗ್ಗಿದರು, ಕೈಯಲ್ಲಿ ಕ್ಲಿಪ್ಪು ಹಿಡಿದು ಬಾಗಿಲ ಹಿಡಿಗೆ ಸಿಕ್ಕಿಸಿದರು. ಅದೂ ಎಷ್ಟು ನಾಜೂಕಾಗಿ, ಸದ್ದಾಗದ ಹಾಗೆ. ಮಾರನೆಯ ದಿನವೇ ಲಿಫ್ಟ್ ಜೋಡಿಸುವ ಕೆಲಸಕ್ಕೆ ಬೇರೆ ಊರಿಗೆ ಹೊರಟುಹೋದರು, ಎರಡು ವಾರಕ್ಕೆ. ಹೋದ ಬುಧವಾರ ರಾತ್ರಿ ತಡೆಯಲಾರದೆ ಫೋನಿನಲ್ಲಿ ಕೇಳಿಯೇಬಿಟ್ಟೆ, ಪಕ್ಕದವಳ ಬಾಗಿಲ ಕ್ಲಿಪ್ಪು ಮುಟ್ಟಿದ್ದು ಯಾಕೆ ಎಂದು. ಯಾವ ಕ್ಲಿಪ್ಪು ಅಂದರು. ನಿಜವಾಗಿಯೂ ಮರೆತಿದ್ದರಂತೆ. ಕೆಳಗೆ ಬಿದ್ದಿತ್ತು, ಎತ್ತಿ ಹಾಕಿದೆ, ಅದಕ್ಕೂ ಅರ್ಜಿ ಕೊಡ್ಬೇಕಿತ್ತಾ ಎಂದು ಆಮೇಲೆ ಹೇಳಿದರು. ಆದರೆ ಆ ರಾತ್ರಿ ನನಗೆ ಕೇಳಿಸಿದ್ದು ಯಾವ ಕ್ಲಿಪ್ಪು ಎಂಬ ಎರಡೇ ಮಾತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ ಎಂದುಕೊಂಡೆ.

ಗುರುವಾರ ಬೆಳಗಿನ ಜಾವ ಮೂರು ಗಂಟೆಗೆ ಮಗುವನ್ನು ಮಲಗಿಸಿ, ಬರಿಗಾಲಲ್ಲಿ ಪಡಸಾಲೆಗೆ ಹೋಗಿ, ಹಲ್ಲಿನಕ್ಕನ ಬಾಗಿಲಿನ ಕ್ಲಿಪ್ಪನ್ನು ತೆಗೆದುಕೊಂಡು ಬಂದೆ.

ಯಾಕೆ ಎಂದು ಕೇಳಬೇಡ. ಕೆಡಿಸಬೇಕು ಅನ್ನಿಸಿತು. ಅವರ ಆಟದಲ್ಲಿ ಒಂದು ಕಾಯಿ ಮಾಯವಾದರೆ ಯಾರ ಮುಖ ಹೇಗಾಗುತ್ತದೆ ನೋಡಬೇಕು ಅನ್ನಿಸಿತು. ಮಗುವಿನ ಪೌಡರ್ ಡಬ್ಬದ ಹಿಂದೆ ಅದನ್ನಿಟ್ಟು, ಎಷ್ಟೋ ದಿನದ ಮೇಲೆ ಎರಡು ಗಂಟೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಐದೂವರೆಗೆ ಮಗು ಅಳತೊಡಗಿತು. ಅದರ ಅಳುವಿನ ನಡುವೆ ಬಚ್ಚಲ ಕಡೆಯ ಗೋಡೆಯಿಂದ ಟಕ್ ಟಕ್ ಎಂದು ಸದ್ದು ಬಂತು. ನಿಲ್ಲಿಸಿ ಮತ್ತೆ ಟಕ್ ಟಕ್. ನಮ್ಮ ಬಚ್ಚಲಿಗೂ ಆಕೆಯ ಬಚ್ಚಲಿಗೂ ಒಂದೇ ಗೋಡೆ. ನನಗೆ ಮೈಯೆಲ್ಲ ಉರಿಯಿತು. ಮಗು ಅತ್ತರೆ ನಿದ್ದೆ ಕೆಡುತ್ತದಂತೆ ಮಹಾರಾಣಿಗೆ! ಒಂಟಿ ಹೆಂಗಸಿಗೆ ಕೂಸಿನ ಅಳು ಸಹಿಸುವುದು ಹೇಗೆ ಗೊತ್ತಿರಬೇಕು ಎಂದು ಬೈಯುತ್ತಾ ಹೋಗಿ, ತಾಮ್ರದ ಚೊಂಬು ತೆಗೆದುಕೊಂಡು ಅದೇ ಗೋಡೆಗೆ ಮೂರು ಸಲ ಗಟ್ಟಿಯಾಗಿ ಕುಟ್ಟಿದೆ. ಸದ್ದು ನಿಂತಿತು. ಬುದ್ಧಿ ಬಂತು ಎಂದುಕೊಂಡೆ. ಹಗಲಲ್ಲಿ ಆಗಾಗ ಮತ್ತೆ ಕೇಳಿಸಿತು. ಒಂದೆರಡು ಸಲ ನಾನೂ ತಿರುಗಿ ಕುಟ್ಟಿದೆ. ಸಂಜೆಯ ಮೇಲೆ ಕೇಳಲಿಲ್ಲ.

ಮುಂದಿನದ್ದನ್ನು ನೀನು ಊಹಿಸಿರುತ್ತೀಯ. ಐದು ಗಂಟೆಗೆ ಎದ್ದವಳು ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಕೈಗೆ ಸಿಕ್ಕಿದ್ದು ಸೋಪಿನ ಪೆಟ್ಟಿಗೆ ಒಂದೇ, ಅದರಿಂದಲೇ ಗೋಡೆ ತಟ್ಟಿದ್ದಳು.

ರಾತ್ರಿ ಹತ್ತಕ್ಕೆ ಆಕೆಯ ಬಾಗಿಲಿಗೆ ಕ್ಲಿಪ್ಪು ಬೀಳಲಿಲ್ಲ. ಕಾರ್ನರ್ ಮನೆಯ ತಾತ ಬಂದು ತಟ್ಟಿದರು. ನಲವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು, ಎಪ್ಪತ್ತೊಂದು ವರ್ಷ, ಮದುವೆಯಾಗಿಲ್ಲ. ಕರೆದರೂ ಉತ್ತರ ಬಾರದಿದ್ದಾಗ ಜೇಬಿನಿಂದ ಆಕೆಯ ಮನೆಯ ಬೀಗದ ಕೈ ತೆಗೆದರು. ಕಣ್ಣುತೂತಿನಲ್ಲಿ ನೋಡುತ್ತಿದ್ದ ನಾನು, ಓಹೋ, ಬೀಗದ ಕೈ ಬೇರೆ ಇದೆಯೋ ಎಂದುಕೊಂಡೆ. ಆ ಗಳಿಗೆಯಲ್ಲೂ ನನ್ನ ತಲೆ ಹಾಗೇ ಓಡಿತು ನೋಡು. ಆಮೇಲೆ ತಾತ ಕೂಗಿಕೊಂಡದ್ದು ಕೇಳಿಸಿತು.

ಸ್ಟ್ರೆಚರ್ ಹೋದ ಮೇಲೆ ತಾತ ಪಡಸಾಲೆಯ ನೆಲದ ಮೇಲೆಯೇ ಕೂತುಬಿಟ್ಟರು. ನೀರು ಕೊಟ್ಟೆ. ಆಗ ಹೇಳಿದರು. ಎರಡು ವರ್ಷದ ಹಿಂದೆ ಒಂದನೇ ಮಹಡಿಯಲ್ಲಿ ಒಬ್ಬರೇ ಇದ್ದವರು ಸತ್ತು ನಾಲ್ಕು ದಿನದ ಮೇಲೆ ಗೊತ್ತಾಯಿತಂತೆ. ಅವತ್ತು ಇವರೆಲ್ಲ ಸೇರಿ ಮಾಡಿಕೊಂಡ ಏರ್ಪಾಡು ಇದು. ಮಲಗುವ ಮುಂಚೆ ಬಾಗಿಲಿಗೆ ಕ್ಲಿಪ್ಪು ಹಾಕಬೇಕು, ಬೆಳಿಗ್ಗೆ ಎದ್ದು ತೆಗೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ನೋಡುವ ಹೊಣೆ, ಆ ಬಾಗಿಲಿನ ಬೀಗದ ಕೈಯೂ ಅವರ ಹತ್ತಿರವೇ. ಎಂಟಕ್ಕೆ ಕ್ಲಿಪ್ಪು ಇನ್ನೂ ಇದ್ದರೆ ತಟ್ಟಬೇಕು, ಓಗೊಡದಿದ್ದರೆ ಒಳಗೆ ಹೋಗಬೇಕು. ಕ್ಲಿಪ್ಪು ಇಲ್ಲದಿದ್ದರೆ ಎದ್ದಿದ್ದಾರೆ, ಚೆನ್ನಾಗಿದ್ದಾರೆ ಎಂದು ಅರ್ಥ. ನಿಮ್ಮದು ತುಂಬಿದ ಮನೆ, ನಿಮಗ್ಯಾಕೆ ಇದರ ತಾಪತ್ರಯ ಅಂತ ಹೇಳಲಿಲ್ಲಮ್ಮ ಅಂದರು.

ಹಲ್ಲಿನಕ್ಕನ ಬಾಗಿಲು ತಾತನ ಪಾಲಿನದು. ಬೆಳಿಗ್ಗೆ ಎಂಟಕ್ಕೆ ನೋಡಿದ್ದೆ ತಾಯಿ, ಕ್ಲಿಪ್ಪು ಇರಲಿಲ್ಲ, ನನ್ನ ಕಣ್ಣಾಣೆ ಇರಲಿಲ್ಲ ಎಂದು ಬಡಬಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಇತ್ತೋ ಏನೋ, ಜೀವಮಾನವೆಲ್ಲ ಬೇರೆಯವರ ತಪ್ಪು ಹುಡುಕಿದ ಕಣ್ಣು ಇವತ್ತು ನನಗೇ ಕೈಕೊಟ್ಟಿತೋ ಏನೋ ಅಂದರು. ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಬಂದೆ. ಶನಿವಾರ ಉಳಿದವರನ್ನು ಸೇರಿಸಿ, ನನ್ನಿಂದ ಆಗಲ್ಲ, ನನ್ನ ಪಾಲಿನ ಬಾಗಿಲನ್ನ ಬೇರೆಯವರು ನೋಡ್ಕೊಳ್ಳಿ, ನಾನು ಯಾರದ್ದನ್ನೂ ನೋಡಲ್ಲ ಎಂದು ಬೀಗದ ಕೈ ಒಪ್ಪಿಸಿಬಿಟ್ಟರಂತೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಭಾನುವಾರ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ನೋಡಲು ಹೋದೆ ಎಂದರೆ ಸುಳ್ಳಾಗುತ್ತದೆ. ಆಕೆಗೆ ನನ್ನ ಮೇಲೆ ಅನುಮಾನ ಇದೆಯೇ ಎಂದು ತಿಳಿಯಲು ಹೋದೆ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆಕೆ ನನ್ನ ಕೈ ಹಿಡಿದುಕೊಂಡಳು. ಹದಿನೇಳು ಗಂಟೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದೆ, ನೀವು ಆ ಕಡೆಯಿಂದ ಕುಟ್ಟಿದಿರಲ್ಲ, ಸದ್ಯ ಯಾರಿಗೋ ಕೇಳಿಸಿದೆ, ಕರ್ಕೊಂಡು ಬರ್ತಾರೆ ಅಂತ ಜೀವ ಹಿಡ್ಕೊಂಡೆ ಅಂದಳು. ಯಾಕೋ ತಡವಾಯ್ತು, ಪಾಪ, ಕೂಸು ಕಟ್ಕೊಂಡು ನೀವಾದ್ರೂ ಎಷ್ಟು ಓಡಾಡ್ತೀರ ಅಂದಳು. ಪಕ್ಕದ ಮಂಚದವಳಿಗೆ, ಇವರೇ ನೋಡಿ, ನನಗೆ ಉತ್ತರ ಕೊಟ್ಟೋರು ಎಂದು ತೋರಿಸಿದಳು. ಮಗು ಆಕೆಯ ಬೆರಳನ್ನು ಬಾಯಿಗೆ ಹಾಕಿಕೊಂಡು ಕಚ್ಚಿತು. ನೋಡಿ, ಗಿರಾಕಿ ಮುಂಗಡ ಕೊಡ್ತಿದ್ದಾನೆ ಎಂದು ನಕ್ಕಳು. ನಾನೂ ನಕ್ಕೆ.

ಇದನ್ನು ಇಷ್ಟು ಉದ್ದಕ್ಕೆ ನಿನಗೆ ಯಾಕೆ ಬರೆಯುತ್ತಿದ್ದೇನೆ ಗೊತ್ತೇ? ಆವತ್ತಿನಿಂದ ನನಗೆ ಹಲ್ಲಿನಕ್ಕನ ಮುಖ ನೆನಪಾಗುತ್ತಿಲ್ಲ. ಆ ಬಚ್ಚಲ ನೆಲದ ಮೇಲೆ ನಿನ್ನ ಮುಖವೇ ಕಾಣುತ್ತದೆ.

ಹತ್ತು ತಿಂಗಳ ಹಿಂದೆ ನೀನು ಫೋನ್ ಮಾಡಿದ್ದೆ. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಬೇಕಂತೆ, ಮನೆಯವರು ಅಂತ ಒಬ್ಬರು ಬಂದು ಸಹಿ ಹಾಕಿ, ಆಮೇಲೆ ಕರೆದುಕೊಂಡು ಹೋಗಲು ಒಪ್ಪದಿದ್ದರೆ ಅರಿವಳಿಕೆ ಕೊಡುವುದಿಲ್ಲವಂತೆ, ಎರಡು ದಿನ ಬಂದು ಸುಮ್ಮನೆ ಕೂತಿರು ಸಾಕು ಅಂದೆ. ನಾನು ಏನಂದೆ? ನಿಜ ಹೇಳು ಅಕ್ಕ, ಗಡ್ಡೆಯೋ, ಇನ್ನೇನೋ, ಯಾರದ್ದು ಅಂದೆ. ನನ್ನ ಜಡೆ ಹಾಕಿದವಳಿಗೆ, ಅಮ್ಮ ಹೋದ ಮೇಲೆ ನನಗೆ ಹೊಟ್ಟೆನೋವು ಬಂದರೆ ರಾತ್ರಿಯೆಲ್ಲ ಎದ್ದಿದ್ದು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದವಳಿಗೆ ಹಾಗೆ ಕೇಳಿದೆ. ಬರೋದು ಬೇಡ ಬಿಡು ಅಂದೆ ನೀನು. ಬಸುರಿ ಅಷ್ಟು ದೂರ ಪ್ರಯಾಣ ಮಾಡುವುದುಂಟೇ ಎಂದು ಎಲ್ಲರೂ ಹೇಳಿದರು. ಏಳು ತಿಂಗಳ ಹೊಟ್ಟೆಯನ್ನು ಮುಂದಿಟ್ಟುಕೊಂಡು ಅದರ ಹಿಂದೆ ನಾನು ಅಡಗಿ ಕೂತೆ. ಆ ಕಾಗದಕ್ಕೆ ಕೊನೆಗೆ ಯಾರು ಸಹಿ ಹಾಕಿದರು, ನೀನು ಮನೆಗೆ ಹೇಗೆ ಹೋದೆ, ನನಗೆ ಇವತ್ತಿಗೂ ಗೊತ್ತಿಲ್ಲ.

ನೀನು ಮಾತು ಬಿಟ್ಟೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬಿಟ್ಟವಳು ನಾನು. ಮಗು ಹುಟ್ಟಿದಾಗ ನೀನು ಪಾರ್ಸೆಲ್ ಕಳಿಸಿದೆ. ತಲುಪಿತು ಎಂದು ನಮ್ಮವರು ಮೆಸೇಜು ಹಾಕಿದರು. ಬಟ್ಟೆಯ ಜೊತೆ ಬೈಗುಳದ ಕಾಗದವೂ ಇರುತ್ತದೆ ಎಂಬ ಅನುಮಾನಕ್ಕೆ ನಾನು ಅದನ್ನು ಬಿಚ್ಚದೇ ಮಂಚದ ಕೆಳಗೆ ತಳ್ಳಿದ್ದೆ. ಇವತ್ತು ಮೂರೂಕಾಲಿಗೆ ಅದನ್ನು ಎಳೆದು ತೆಗೆದೆ, ಯಾಕೆಂದರೆ ನಿನ್ನ ಮನೆಯ ಬಾಗಿಲ ನಂಬರು ನನಗೆ ಗೊತ್ತಿರಲಿಲ್ಲ. ಒಡಹುಟ್ಟಿದವಳ ವಿಳಾಸ ಪಾರ್ಸೆಲಿನ ಮೂಲೆಯಲ್ಲಿ ಹುಡುಕಬೇಕಾಯಿತು. ಬಿಚ್ಚಿಯೂ ನೋಡಿದೆ. ಕಾಗದ ಇರಲಿಲ್ಲ. ನೀನೇ ಹೆಣೆದ ಸ್ವೆಟರು, ಈಗ ಮಗುವಿನ ಮೊಣಕೈಗೂ ಏರುವುದಿಲ್ಲ.

ವಿಳಾಸ ಹಿಡಿದುಕೊಂಡು ಹೋಗಿ ತಾತನ ಬಾಗಿಲು ಬಡಿದೆ. ಬೇರೆ ಯಾರ ಬಾಗಿಲು ಬಡಿಯಲಿ? ನಮ್ಮವರ ಫೋನು ಸ್ವಿಚ್ ಆಫ್. ಒಂದು ತಟ್ಟಿಗೇ ತೆಗೆದರು, ಅವರಿಗೂ ನಿದ್ದೆ ಇಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮೊದಲು ಕ್ಲಿಪ್ಪಿನ ವಿಷಯ. ತೆಗೆದವಳು ನಾನು, ನಿಮ್ಮ ಕಣ್ಣು ಸರಿಯಾಗಿಯೇ ನೋಡಿತ್ತು ಅಂದೆ. ಗೋಡೆ ಕುಟ್ಟಿದ್ದನ್ನೂ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಕನ್ನಡಕ ತೆಗೆದು ಬನಿಯನ್ನಿನ ಅಂಚಿಗೆ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆರು ದಿನ ನನ್ನನ್ನ ಕುರುಡ ಮಾಡಿ ಇಟ್ಟಿದ್ದೆಯಲ್ಲಮ್ಮ ಅಂದರು. ಅಷ್ಟು ದಿನ ಬಹುವಚನದಲ್ಲಿ ಮಾತಾಡಿಸುತ್ತಿದ್ದವರು. ಆಕೆಗೆ ನೀನೇ ಹೇಳ್ಬೇಕು, ನಾನು ಹೇಳಲ್ಲ ಅಂದರು. ಹೂಂ ಅಂದೆ.

ಆಮೇಲೆ ನಿನ್ನ ಫೋನಿನ ವಿಷಯ ಹೇಳಿದೆ. ನಿಮ್ಮಕ್ಕನಿಗೆ ಅಲ್ಲಿ ಯಾರಿದ್ದಾರೆ ಅಂದರು. ಯಾರೂ ಇಲ್ಲ, ನಾನೇ ಇರುವುದು ಅಂದೆ. ನೀನು ಎಂದಿನಿಂದ ಅಂದರು. ಉತ್ತರಕ್ಕೆ ಕಾಯಲಿಲ್ಲ, ವಿಳಾಸ ಓದು ಅಂದರು.

ನಿಮ್ಮೂರಿನಲ್ಲಿ ಅವರ ಹಳೆಯ ಗೆಳೆಯರೊಬ್ಬರು ಅಚ್ಚುಕೂಟದಲ್ಲಿ ರಾತ್ರಿ ಪಾಳಿಯಲ್ಲಿದ್ದಾರೆ. ಅವರಿಗೆ ಫೋನ್ ಮಾಡಿದರು. ಪತ್ರಿಕೆಯ ಕಟ್ಟುಗಳು ಗಾಡಿಗೆ ಏರುವವರೆಗೆ ಯಂತ್ರ ಬಿಟ್ಟು ಬರುವ ಹಾಗಿಲ್ಲವಂತೆ. ಐದಕ್ಕೆ ಹೊರಟು, ದಾರಿಯಲ್ಲಿ ಬೀಗ ರಿಪೇರಿಯವನನ್ನು ಎಬ್ಬಿಸಿ, ಐದೂವರೆಗೆ ನಿನ್ನ ಬಾಗಿಲ ಮುಂದೆ ಇರುತ್ತಾರೆ. ಅರ್ಧ ಗಂಟೆ ಕರೆಯುತ್ತಾರೆ, ತಟ್ಟುತ್ತಾರೆ. ಆರಕ್ಕೆ ಬೀಗ ಒಡೆಯುತ್ತಾರೆ. ಹೇಳು ಎಂದು ತಾತ ಫೋನನ್ನು ನನ್ನ ಕೈಗೆ ಕೊಟ್ಟರು. ಒಡೆಯಿರಿ ಎಂದು ನಾನೇ ಹೇಳಿದೆ. ಸಂಬಂಧ ಏನು ಎಂದು ಆ ಕಡೆಯವರು ಕೇಳಿದರು. ತಂಗಿ ಅಂದೆ.

ಈಗ ನಾಲ್ಕು ಗಂಟೆ ನಲವತ್ತು. ತಾತ ನಮ್ಮ ಮನೆಯಲ್ಲೇ ಕುರ್ಚಿಯ ಮೇಲೆ ಕೂತು ತೊಟ್ಟಿಲು ತೂಗುತ್ತಿದ್ದಾರೆ. ನಿಮ್ಮವರು ಊರಲ್ಲಿಲ್ಲದಾಗ ನೀನು ಬಿದ್ದರೆ ಈ ಕೂಸಿನ ಗತಿ ಏನು, ಯಾರು ನೋಡ್ತಾರೆ ಎಂದು ಈಗಷ್ಟೇ ಕೇಳಿದರು. ಈ ಮಹಡಿಯಲ್ಲಿ ನನ್ನದೊಂದೇ ತುಂಬಿದ ಮನೆ ಎಂದುಕೊಂಡಿದ್ದೆ. ಯಾರೂ ನೋಡುವುದಿಲ್ಲ ಅಕ್ಕ. ನಾನು ಎಲ್ಲರನ್ನೂ ಕಣ್ಣುತೂತಿನಲ್ಲಿ ನೋಡುತ್ತಿದ್ದೆ, ನನ್ನ ಬಾಗಿಲ ಕಡೆ ನೋಡುವವರು ಒಬ್ಬರೂ ಇರಲಿಲ್ಲ.

ನಿನ್ನ ಬಗ್ಗೆ ಇನ್ನು ಯಾವ ಪ್ರಶ್ನೆಯೂ ಇಲ್ಲ. ಬೇಡ ಅನ್ನಿಸಿತು, ಅಷ್ಟೇ. ಒಪ್ಪಿದೆ. ಒಂಟಿಯಾಗಿರು, ನೂರು ವರ್ಷ ಇರು. ಆದರೆ ಎತ್ತು. ಬೈಯಬೇಕೆನಿಸಿದರೆ ಬೈಯುವುದಕ್ಕೆ ಮಾಡು. ಮಾತು ಬೇಡವಾದರೆ ಎತ್ತಿ ಉಸಿರಾಡು ಸಾಕು, ನಿನ್ನ ಉಸಿರಿನ ಗುರುತು ನನಗಿದೆ, ಎಷ್ಟು ವರ್ಷ ಪಕ್ಕದಲ್ಲಿ ಮಲಗಿದವಳು. ಆರು ಗಂಟೆಗೆ ಯಾರೋ ಗುರುತಿಲ್ಲದ ಗಂಡಸರು ನಿನ್ನ ಬಾಗಿಲು ಒಡೆದು ಒಳಗೆ ಬರುವ ಮುಂಚೆ, ದಮ್ಮಯ್ಯ, ಫೋನ್ ಮಾಡು. ಬೆಳಗಾಗುವ ಮುಂಚೆ ಮಾಡು.

ನಿನ್ನ ಬಾಗಿಲು ತಟ್ಟಲು ಬೇರೆಯವರನ್ನು ಕಳಿಸಿದ,
ತಂಗಿ

ಮತ್ತೆ: ಕಳಿಸುವ ಮುಂಚೆ ತಾತ ಓದಿ ನೋಡಿದರು. ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಅಂದೆ. ಅವರು ಕುರ್ಚಿಗೆ ಹೋದ ಮೇಲೆ ಬರೆಯುತ್ತಿದ್ದೇನೆ. ಒಂದೇ ಸಲ ಗುರ್ರೆಂದಿತು, ಎಚ್ಚರವಾಯಿತು ಎಂದು ಮೊದಲಿಗೇ ಬರೆದೆನಲ್ಲ, ಅದು ಸುಳ್ಳು. ಆ ಸದ್ದು ಕೇಳಿದಾಗ ನಾನು ಎದ್ದೇ ಇದ್ದೆ, ಹಾಲು ಕುಡಿಸುತ್ತಿದ್ದೆ. ಫೋನು ಪೂರ್ತಿ ಹೊಡೆದುಕೊಂಡಿತು. ಮೂರು ನಿಮಿಷ ಬಿಟ್ಟು ಎರಡನೆಯ ಸಲವೂ ಪೂರ್ತಿ ಹೊಡೆದುಕೊಂಡಿತು. ನಿನ್ನ ಹೆಸರನ್ನು ನೋಡುತ್ತಲೇ ಕೂತಿದ್ದೆ. ಈ ಹೊತ್ತಿನಲ್ಲಿ ಮಾಡಿದ್ದಾಳೆ ಎಂದರೆ ಏನೋ ಬೇಕಾಗಿರಬೇಕು ಎಂದುಕೊಂಡೆ. ಮಗುವನ್ನು ಮಲಗಿಸಿ, ಕೈ ತೊಳೆದು, ನಾನು ತಿರುಗಿ ಮಾಡುವಾಗ ಮೂರು ಗಂಟೆಯಾಗಿತ್ತು. ಆ ಇಪ್ಪತ್ತು ನಿಮಿಷ ನಿನಗೆ ಏನು ಬೇಕಾಗಿತ್ತು ಅಕ್ಕ? ಅದನ್ನು ಹೇಳುವುದಕ್ಕಾದರೂ ಮಾಡು. ಫೋನು ಕೈಯಲ್ಲೇ ಇದೆ.